ಪೆನಾಬ್‌ಸ್ಕಾಟ್ ನದಿ ಪುನಶ್ಚೇತನ ಯೋಜನೆ

ಪೆನಾಬ್‌ಸ್ಕಾಟ್ ನದಿ ಪುನಶ್ಚೇತನ ಯೋಜನೆಯು ಅಮೆರಿಕ ಸಂಯುಕ್ತ ಸಂಸ್ಥಾನದ ಈಶಾನ್ಯ ಮೂಲೆಯಲ್ಲಿರುವ ಮೇಯ್ನ್ ರಾಜ್ಯದ ಪೆನಾಬ್‌ಸ್ಕಾಟ್ ನದಿಯಲ್ಲಿ, ಸಮುದ್ರದಿಂದ ನದಿಗೆ ವಲಸೆ ಬರುವ ಮೀನುಗಳ ದಾರಿಯನ್ನು ಮತ್ತೆ ತೆರೆಯುವ ಉದ್ದೇಶದಿಂದ ಕೈಗೊಂಡ ಜಂಟಿ ಕಾರ್ಯಕ್ರಮವಾಗಿದೆ. ವಿದ್ಯುತ್ ಕಂಪನಿ, ಮೂಲನಿವಾಸಿ ಜನಾಂಗ, ಒಕ್ಕೂಟ ಸರ್ಕಾರ ಹಾಗೂ ರಾಜ್ಯ ಸರ್ಕಾರದ ಇಲಾಖೆಗಳು ಮತ್ತು ಪರಿಸರ ಸಂಘಟನೆಗಳು ಇದರಲ್ಲಿ ಪಾಲುಗೊಂಡವು. 2004ರ ಒಪ್ಪಂದದ ಅನ್ವಯ ಮೂರು ಅಣೆಕಟ್ಟುಗಳನ್ನು ಕೊಂಡು, ಅವುಗಳಲ್ಲಿ ಎರಡನ್ನು 2012 ಮತ್ತು 2013ರಲ್ಲಿ ಕೆಡವಲಾಯಿತು; ಮೂರನೆಯದರ ಪಕ್ಕದಲ್ಲಿ ಮೀನುಗಳಿಗಾಗಿ ಬಳಸುದಾರಿಯ ಕಾಲುವೆಯನ್ನು ನಿರ್ಮಿಸಲಾಯಿತು. ಕಳೆದುಹೋಗುವ ವಿದ್ಯುತ್ತನ್ನು ಅದೇ ಪ್ರದೇಶದ ಬೇರೆ ಅಣೆಕಟ್ಟುಗಳಲ್ಲಿ ಉತ್ಪಾದನೆ ಹೆಚ್ಚಿಸಿ ಸರಿದೂಗಿಸಿದ್ದು ಈ ಯೋಜನೆಯ ವಿಶೇಷ ಲಕ್ಷಣ.

ನದಿ ಮತ್ತು ಜಲಾನಯನ ಪ್ರದೇಶ

ಪೆನಾಬ್‌ಸ್ಕಾಟ್ ನ್ಯೂ ಇಂಗ್ಲೆಂಡ್ ಪ್ರದೇಶದ ಎರಡನೆಯ ದೊಡ್ಡ ನದಿ. ಕನೆಕ್ಟಿಕಟ್ ನದಿಗೆ ಮೊದಲ ಸ್ಥಾನ. ಇದರ ಜಲಾನಯನ ಪ್ರದೇಶವು ಸುಮಾರು 22,000 ಚದರ ಕಿ.ಮೀ. ವಿಸ್ತಾರವಾಗಿದ್ದು, ಸಂಪೂರ್ಣವಾಗಿ ಮೇಯ್ನ್ ರಾಜ್ಯದೊಳಗೇ ಇದೆ. ಉತ್ತರದ ಕಾಡು ಹಾಗೂ ಸರೋವರಗಳಲ್ಲಿ ಹುಟ್ಟುವ ಶಾಖೆಗಳು ಕೂಡಿ ದಕ್ಷಿಣಕ್ಕೆ ಹರಿದು, ಬ್ಯಾಂಗರ್ ನಗರವನ್ನು ದಾಟಿ, ಪೆನಾಬ್‌ಸ್ಕಾಟ್ ಕೊಲ್ಲಿಯ ಮೂಲಕ ಮೇಯ್ನ್ ಖಾರಿಯನ್ನು ಸೇರುತ್ತವೆ. ಬ್ಯಾಂಗರ್ ನಗರದ ಆಸುಪಾಸಿನವರೆಗೂ ಸಮುದ್ರದ ಉಬ್ಬರವಿಳಿತದ ಪ್ರಭಾವ ಕಾಣುತ್ತದೆ. ಅಲ್ಲಿಂದ ಕೆಳಗೆ ನದಿಯು ಅಗಲವಾದ ಅಳಿವೆಯಾಗಿ ಮಾರ್ಪಡುತ್ತದೆ. ಅದರ ಅಂಚುಗಳಲ್ಲಿ ಉಪ್ಪುನೀರಿನ ಜೌಗು ಪ್ರದೇಶಗಳಿವೆ.

ವಲಸೆ ಮೀನುಗಳು

ಈ ನದಿಯಲ್ಲಿ ಸಮುದ್ರಕ್ಕೂ ಸಿಹಿನೀರಿಗೂ ನಡುವೆ ಓಡಾಡುವ ಹತ್ತಕ್ಕೂ ಹೆಚ್ಚು ಜಾತಿಯ ಮೀನುಗಳಿವೆ. ಅವುಗಳಲ್ಲಿ ಮುಖ್ಯವಾದವು:

- ಅಟ್ಲಾಂಟಿಕ್ ಸಾಲ್ಮನ್: ಶರತ್ಕಾಲದಲ್ಲಿ ನದಿಯ ಮೇಲ್ಭಾಗದ ಜಲ್ಲಿ ತಳದಲ್ಲಿ ಮೊಟ್ಟೆಯಿಡುತ್ತದೆ. ಮರಿಗಳು ಎರಡು ಮೂರು ವರ್ಷ ಸಿಹಿನೀರಿನಲ್ಲಿ ಬೆಳೆದು ಸಮುದ್ರಕ್ಕೆ ಇಳಿದು, ಗ್ರೀನ್‌ಲ್ಯಾಂಡ್‌ವರೆಗೂ ಪಯಣಿಸಿ, ಪ್ರಾಯಕ್ಕೆ ಬಂದ ಮೇಲೆ ಹುಟ್ಟಿದ ನದಿಗೆ ಮರಳುತ್ತವೆ.
- ಏಲ್‌ವೈಫ್ ಮತ್ತು ನೀಲಿಬೆನ್ನಿನ ಹೆರಿಂಗ್: ಇವೆರಡನ್ನೂ ಒಟ್ಟಾಗಿ ನದಿ ಹೆರಿಂಗ್ ಎಂದು ಕರೆಯುವರು. ಏಲ್‌ವೈಫ್ ಕೆರೆ ಸರೋವರಗಳ ನಿಂತ ನೀರಿನಲ್ಲಿಯೂ, ನೀಲಿಬೆನ್ನಿನ ಹೆರಿಂಗ್ ಹೆಚ್ಚಾಗಿ ಹರಿಯುವ ನೀರಿನಲ್ಲಿಯೂ ಮೊಟ್ಟೆಯಿಡುತ್ತವೆ.
- ಅಮೆರಿಕನ್ ಶ್ಯಾಡ್: ಹೆರಿಂಗ್ ಬಳಗದ ದೊಡ್ಡ ಮೀನು. ಭಾರತದ ಹಿಲ್ಸಾ ಮೀನಿನಂತೆ ಇದೂ ಸಮುದ್ರದಲ್ಲಿ ಬೆಳೆದು ಮೊಟ್ಟೆಯಿಡಲು ನದಿಗೆ ಏರುತ್ತದೆ.
- ಸ್ಟರ್ಜನ್: ಅಟ್ಲಾಂಟಿಕ್ ಸ್ಟರ್ಜನ್ ಮತ್ತು ಮೊಂಡುಮೂತಿಯ ಸ್ಟರ್ಜನ್ ಎಂಬ ಎರಡು ಜಾತಿಗಳಿವೆ. ಮೈಮೇಲೆ ಮೂಳೆಯ ಫಲಕಗಳುಳ್ಳ ಪುರಾತನ ವಂಶದ ಮೀನುಗಳಿವು.
- ಅಮೆರಿಕನ್ ಈಲ್: ಹಾವಿನಾಕಾರದ ಈ ಮೀನಿನ ಪಯಣ ಉಳಿದವಕ್ಕೆ ವಿರುದ್ಧವಾದುದು. ಸಿಹಿನೀರಿನಲ್ಲಿ ಬೆಳೆದು, ಮೊಟ್ಟೆಯಿಡಲು ದೂರದ ಸರ್ಗಾಸೊ ಸಮುದ್ರಕ್ಕೆ ಹೋಗುತ್ತದೆ.

ಇವಲ್ಲದೆ ಪಟ್ಟೆಗಳುಳ್ಳ ಬ್ಯಾಸ್, ಸ್ಮೆಲ್ಟ್, ಟಾಮ್‌ಕಾಡ್ ಮತ್ತು ಸಮುದ್ರ ಲ್ಯಾಂಪ್ರೇಗಳೂ ನದಿಯನ್ನು ಆಶ್ರಯಿಸಿವೆ. ನದಿ ಹೆರಿಂಗ್‌ಗಳು ಗಾತ್ರದಲ್ಲಿ ಚಿಕ್ಕವಾದರೂ ಇಡೀ ವ್ಯವಸ್ಥೆಗೆ ಆಧಾರವಾಗಿವೆ. ಹದ್ದು, ಡೇಗೆ, ನೀರುನಾಯಿ, ಸೀಲ್ ಮತ್ತು ಸಮುದ್ರದ ದೊಡ್ಡ ಮೀನುಗಳಿಗೆ ಅವೇ ಆಹಾರ. ಅಣೆಕಟ್ಟುಗಳಿಗೆ ಮೊದಲು ಪ್ರತಿ ವರ್ಷ ಹತ್ತಾರು ಸಾವಿರ ಸಾಲ್ಮನ್‌ಗಳೂ ಒಂದು ಕೋಟಿಗೂ ಹೆಚ್ಚು ನದಿ ಹೆರಿಂಗ್‌ಗಳೂ ಈ ನದಿಗೆ ಬರುತ್ತಿದ್ದವೆಂದು ಅಂದಾಜಿಸಲಾಗಿದೆ.

ಪೆನಾಬ್‌ಸ್ಕಾಟ್ ಜನಾಂಗ

ನದಿಯ ದಡದಲ್ಲಿ ಪೆನಾಬ್‌ಸ್ಕಾಟ್ ಜನರು ಸಾವಿರಾರು ವರ್ಷಗಳಿಂದ ನೆಲೆಸಿದ್ದಾರೆ. ಇವರು ವಾಬನಾಕಿ ಎಂಬ ಮೂಲನಿವಾಸಿಗಳ ಒಕ್ಕೂಟಕ್ಕೆ ಸೇರಿದವರು. ಓಲ್ಡ್ ಟೌನ್ ಪಟ್ಟಣದ ಬಳಿಯ ಇಂಡಿಯನ್ ದ್ವೀಪವು ಜನಾಂಗದ ಕೇಂದ್ರ. ಅಲ್ಲಿಂದ ಮೇಲಕ್ಕೆ ನದಿಯ ನಡುವಿರುವ 200ಕ್ಕೂ ಹೆಚ್ಚು ದ್ವೀಪಗಳು ಇವರ ಮೀಸಲು ಪ್ರದೇಶದಲ್ಲಿವೆ. ಮೀನುಗಾರಿಕೆಯು ಇವರಿಗೆ ಜೀವನೋಪಾಯ ಮಾತ್ರವಾಗಿರದೆ ಸಂಸ್ಕೃತಿಯ ಅಂಗವೂ ಆಗಿತ್ತು. 1980ರಲ್ಲಿ ಭೂಮಿಯ ಹಕ್ಕುಗಳ ಬಗ್ಗೆ ಆದ ಇತ್ಯರ್ಥದಲ್ಲಿ ಮೀಸಲು ಪ್ರದೇಶದೊಳಗೆ ಸ್ವಂತ ಉಪಯೋಗಕ್ಕಾಗಿ ಮೀನು ಹಿಡಿಯುವ ಹಕ್ಕನ್ನು ಉಳಿಸಿಕೊಡಲಾಯಿತು. ಆದರೆ ದ್ವೀಪದ ಕೆಳಭಾಗದಲ್ಲಿ ಸಾಲಾಗಿ ನಿಂತ ಅಣೆಕಟ್ಟುಗಳಿಂದಾಗಿ ಹಿಡಿಯಲು ಮೀನುಗಳೇ ಇರಲಿಲ್ಲ. ಬರಹದಲ್ಲಿದ್ದ ಹಕ್ಕು ಬಳಕೆಗೆ ಬರಲಿಲ್ಲ. ಜನಾಂಗವು ಈ ಯೋಜನೆಯಲ್ಲಿ ಮುಂದಾಳತ್ವ ವಹಿಸಲು ಇದೇ ಮುಖ್ಯ ಕಾರಣ.

ಅಣೆಕಟ್ಟುಗಳು ಮತ್ತು ಮೀನುಗಳ ಅವನತಿ

ಹತ್ತೊಂಬತ್ತನೆಯ ಶತಮಾನದಲ್ಲಿ ಬ್ಯಾಂಗರ್ ನಗರವು ಮರದ ವ್ಯಾಪಾರಕ್ಕೆ ಪ್ರಸಿದ್ಧವಾಗಿತ್ತು. ಮರ ಕೊಯ್ಯುವ ಗಿರಣಿಗಳಿಗೆ ನೀರಿನ ಬಲ ಒದಗಿಸಲು 1830ರ ದಶಕದಿಂದ ಮುಖ್ಯ ನದಿಗೇ ಅಡ್ಡಕಟ್ಟೆಗಳು ಬಂದವು. ಮುಂದೆ ಕಾಗದದ ಕಾರ್ಖಾನೆಗಳೂ ಜಲವಿದ್ಯುತ್ ಕೇಂದ್ರಗಳೂ ಸೇರಿಕೊಂಡವು. ಜಲಾನಯನ ಪ್ರದೇಶದಲ್ಲಿ ಒಟ್ಟು ನೂರಕ್ಕೂ ಹೆಚ್ಚು ಅಣೆಕಟ್ಟುಗಳು ನಿರ್ಮಾಣಗೊಂಡವು. ಗಿರಣಿಗಳ ತ್ಯಾಜ್ಯ ಮತ್ತು ನಗರಗಳ ಕೊಳಚೆಯಿಂದ ನೀರು ಕೆಟ್ಟಿತು. ಅತಿಯಾದ ಮೀನುಗಾರಿಕೆಯೂ ಸೇರಿ, 1940ರ ದಶಕದ ಕೊನೆಯ ವೇಳೆಗೆ ಸಾಲ್ಮನ್‌ನ ವಾಣಿಜ್ಯ ಮೀನುಗಾರಿಕೆ ನಿಂತುಹೋಯಿತು.

1912ರಲ್ಲಿ ಬ್ಯಾಂಗರ್‌ನಲ್ಲಿ ಆರಂಭವಾದ ಒಂದು ಪದ್ಧತಿಯು ಈ ಅವನತಿಯನ್ನು ಸ್ಪಷ್ಟವಾಗಿ ತೋರಿಸುತ್ತದೆ. ಪ್ರತಿ ವಸಂತದಲ್ಲಿ ನದಿಯಲ್ಲಿ ಗಾಳಕ್ಕೆ ಸಿಕ್ಕ ಮೊದಲ ಸಾಲ್ಮನ್ ಮೀನನ್ನು ದೇಶದ ಅಧ್ಯಕ್ಷರಿಗೆ ಕಳುಹಿಸಲಾಗುತ್ತಿತ್ತು. ಮೊದಲ ಮೀನು ಅಧ್ಯಕ್ಷ ವಿಲಿಯಂ ಹೊವಾರ್ಡ್ ಟ್ಯಾಫ್ಟ್ ಅವರಿಗೆ ಸಂದಿತು. ಮಧ್ಯೆ ಹಲವು ವರ್ಷ ತಡೆದ ಈ ಪದ್ಧತಿಯಲ್ಲಿ ಕೊನೆಯ ಮೀನನ್ನು ಸ್ವೀಕರಿಸಿದವರು 1992ರಲ್ಲಿ ಅಧ್ಯಕ್ಷರಾಗಿದ್ದ ಜಾರ್ಜ್ ಎಚ್. ಡಬ್ಲ್ಯೂ. ಬುಷ್.

ಮೇಯ್ನ್‌ನವರೇ ಆದ ಸೆನೆಟರ್ ಎಡ್ಮಂಡ್ ಮಸ್ಕಿ ಅವರ ಪರಿಶ್ರಮದಿಂದ 1972ರಲ್ಲಿ ಶುದ್ಧ ನೀರಿನ ಕಾಯಿದೆ ಜಾರಿಗೆ ಬಂದಿತು. ಅನಂತರ ನದಿಯ ನೀರು ಗಮನಾರ್ಹವಾಗಿ ಸುಧಾರಿಸಿತು. ಆದರೆ ನೀರು ತಿಳಿಯಾದರೂ ದಾರಿ ಮುಚ್ಚಿಯೇ ಇತ್ತು. ಅಣೆಕಟ್ಟುಗಳಿಗೆ ಮೀನೇಣಿಗಳನ್ನು ಜೋಡಿಸಲಾಗಿತ್ತು. ಮೆಟ್ಟಿಲುಗಳಂತೆ ನೀರು ಹರಿಯುವ ಈ ಇಕ್ಕಟ್ಟಾದ ದಾರಿಯನ್ನು ಬಲಿಷ್ಠವಾದ ಸಾಲ್ಮನ್‌ಗಳಲ್ಲಿ ಕೆಲವು ಏರುತ್ತಿದ್ದವು. ಶ್ಯಾಡ್ ಮೀನುಗಳು ಅದರೊಳಗೆ ಹೋಗಲು ಹಿಂಜರಿಯುತ್ತಿದ್ದವು. ಸ್ಟರ್ಜನ್‌ಗಳಿಗೆ ಅದು ಅಸಾಧ್ಯವಾಗಿತ್ತು. ಸಾಲು ಅಣೆಕಟ್ಟುಗಳಿದ್ದಲ್ಲಿ ಪ್ರತಿಯೊಂದು ಹಂತದಲ್ಲಿಯೂ ಒಂದಷ್ಟು ಮೀನುಗಳು ಹಿಂದುಳಿಯುವುದರಿಂದ ತುದಿ ಮುಟ್ಟುವವು ಕೆಲವೇ ಆಗುತ್ತಿದ್ದವು. ಸಮುದ್ರಕ್ಕೆ ಇಳಿಯುವ ಮರಿಗಳಲ್ಲಿ ಹಲವು ಟರ್ಬೈನ್‌ಗಳಿಗೆ ಸಿಕ್ಕಿ ಸಾಯುತ್ತಿದ್ದವು.

ಒಪ್ಪಂದ

ಅಮೆರಿಕದಲ್ಲಿ ಖಾಸಗಿ ಜಲವಿದ್ಯುತ್ ಅಣೆಕಟ್ಟುಗಳು ಒಕ್ಕೂಟ ಇಂಧನ ನಿಯಂತ್ರಣ ಆಯೋಗದಿಂದ ಪರವಾನಗಿ ಪಡೆದು, ಅವಧಿ ಮುಗಿದಾಗ ಅದನ್ನು ನವೀಕರಿಸಿಕೊಳ್ಳಬೇಕು. ಆ ಸಂದರ್ಭದಲ್ಲಿ ಮೀನು, ವನ್ಯಜೀವಿ, ಮೂಲನಿವಾಸಿಗಳ ಹಕ್ಕು ಮುಂತಾದವುಗಳನ್ನು ಪರಿಗಣಿಸಬೇಕಾಗುತ್ತದೆ. ಪೆನಾಬ್‌ಸ್ಕಾಟ್‌ನಲ್ಲಿ ಒಂದೊಂದು ಪರವಾನಗಿಯೂ ವರ್ಷಗಟ್ಟಲೆ ವಾದವಿವಾದಕ್ಕೆ ಕಾರಣವಾಗುತ್ತಿತ್ತು. ಕಂಪನಿಗೆ ಅನಿಶ್ಚಿತತೆ ತಪ್ಪಲಿಲ್ಲ. ವಿರೋಧಿಸುವವರಿಗೆ ಗೆಲುವು ಸಿಕ್ಕರೂ ಒಂದು ಅಣೆಕಟ್ಟಿಗೆ ಸೀಮಿತವಾಗುತ್ತಿತ್ತು.

1999ರಲ್ಲಿ ಎರಡು ಘಟನೆಗಳು ಪರಿಸ್ಥಿತಿಯನ್ನು ಬದಲಿಸಿದವು. ನೆರೆಯ ಕೆನಬೆಕ್ ನದಿಯ ಎಡ್ವರ್ಡ್ಸ್ ಅಣೆಕಟ್ಟನ್ನು, ಮಾಲೀಕರ ಇಚ್ಛೆಗೆ ವಿರುದ್ಧವಾಗಿ ಆಯೋಗವು ನೀಡಿದ್ದ ಆದೇಶದ ಹಿನ್ನೆಲೆಯಲ್ಲಿ ಕೆಡವಲಾಯಿತು. ಪೆನಾಬ್‌ಸ್ಕಾಟ್‌ನ ಕೆಳಭಾಗದ ಅಣೆಕಟ್ಟುಗಳನ್ನು ಪಿಪಿಎಲ್ ಕಂಪನಿಯು ಕೊಂಡುಕೊಂಡಿತು. ಒಂದೊಂದೇ ಅಣೆಕಟ್ಟಿಗಾಗಿ ಹೋರಾಡುವುದಕ್ಕಿಂತ ಇಡೀ ನದಿಯನ್ನು ಒಟ್ಟಾಗಿ ನೋಡುವುದು ಲೇಸೆಂಬ ಅಭಿಪ್ರಾಯಕ್ಕೆ ಎಲ್ಲರೂ ಬಂದು ಮಾತುಕತೆ ಆರಂಭಿಸಿದರು. 2003ರ ಅಕ್ಟೋಬರ್‌ನಲ್ಲಿ ಪ್ರಾಥಮಿಕ ಒಪ್ಪಂದವನ್ನು ಪ್ರಕಟಿಸಲಾಯಿತು. 2004ರ ಜೂನ್‌ನಲ್ಲಿ ಅಂತಿಮ ಒಪ್ಪಂದಕ್ಕೆ ಸಹಿ ಬಿತ್ತು.

ಒಪ್ಪಂದದ ಮುಖ್ಯ ಅಂಶಗಳು ಇವು:

- ವೀಜಿ, ಗ್ರೇಟ್ ವರ್ಕ್ಸ್ ಮತ್ತು ಹೌಲ್ಯಾಂಡ್ ಎಂಬ ಮೂರು ಅಣೆಕಟ್ಟುಗಳನ್ನು ನಿಗದಿತ ಬೆಲೆಗೆ ಕೊಳ್ಳುವ ಅವಕಾಶವನ್ನು ಹೊಸದಾಗಿ ಸ್ಥಾಪಿಸುವ ಲಾಭರಹಿತ ಸಂಸ್ಥೆಗೆ ನೀಡುವುದು.
- ಸಮುದ್ರಕ್ಕೆ ಹತ್ತಿರವಿರುವ ವೀಜಿ ಮತ್ತು ಗ್ರೇಟ್ ವರ್ಕ್ಸ್ ಅಣೆಕಟ್ಟುಗಳನ್ನು ಕೆಡವುವುದು.
- ಪಿಸ್ಕಾಟಕ್ವಿಸ್ ಎಂಬ ಉಪನದಿಯ ಮೇಲಿರುವ ಹೌಲ್ಯಾಂಡ್ ಅಣೆಕಟ್ಟಿನಲ್ಲಿ ವಿದ್ಯುತ್ ಉತ್ಪಾದನೆ ನಿಲ್ಲಿಸಿ, ಮೀನುಗಳಿಗೆ ಬಳಸುದಾರಿ ಒದಗಿಸುವುದು.
- ಉಳಿದ ಆರು ಅಣೆಕಟ್ಟುಗಳಲ್ಲಿ ಉತ್ಪಾದನೆ ಹೆಚ್ಚಿಸಿಕೊಳ್ಳಲು ಕಂಪನಿಗೆ ಅನುಮತಿ ನೀಡುವುದು.
- ಉಳಿಯುವ ಅಣೆಕಟ್ಟುಗಳಲ್ಲಿ ಮೀನು ದಾಟುವ ವ್ಯವಸ್ಥೆಯನ್ನು ಉತ್ತಮಪಡಿಸುವುದು.

ವಿದ್ಯುತ್ತಿಗೆ ಹೆಚ್ಚು ಅನುಕೂಲವಾದ, ಮೀನಿಗೆ ಕಡಿಮೆ ಅಡ್ಡಿಯಾಗುವ ಸ್ಥಳಗಳಲ್ಲಿ ಉತ್ಪಾದನೆ ಹೆಚ್ಚಿತು. ಮೀನಿಗೆ ಅತಿಯಾಗಿ ಅಡ್ಡಿಯಾಗಿದ್ದ ಸ್ಥಳಗಳು ತೆರವಾದವು. ಕಂಪನಿಯು ಮುಂದೆ ಉಳಿದ ಅಣೆಕಟ್ಟುಗಳನ್ನು ಬೇರೆಯವರಿಗೆ ಮಾರಿದರೂ ಒಪ್ಪಂದವು ಹೊಸ ಮಾಲೀಕರಿಗೂ ಅನ್ವಯಿಸಿತು.

ಸಹಭಾಗಿ ಸಂಸ್ಥೆಗಳು

ಯೋಜನೆಯ ನಿರ್ವಹಣೆಗಾಗಿ 2004ರಲ್ಲಿ ಪೆನಾಬ್‌ಸ್ಕಾಟ್ ನದಿ ಪುನಶ್ಚೇತನ ಟ್ರಸ್ಟ್ ಸ್ಥಾಪನೆಯಾಯಿತು. ಪೆನಾಬ್‌ಸ್ಕಾಟ್ ಜನಾಂಗ, ಅಮೆರಿಕನ್ ರಿವರ್ಸ್, ಅಟ್ಲಾಂಟಿಕ್ ಸಾಲ್ಮನ್ ಫೆಡರೇಷನ್, ಮೇಯ್ನ್ ಆಡುಬಾನ್, ಮೇಯ್ನ್ ನೈಸರ್ಗಿಕ ಸಂಪನ್ಮೂಲ ಮಂಡಳಿ ಮತ್ತು ಟ್ರೌಟ್ ಅನ್‌ಲಿಮಿಟೆಡ್ ಅದರ ಸದಸ್ಯರು. ನೇಚರ್ ಕನ್ಸರ್ವೆನ್ಸಿ 2006ರಲ್ಲಿ ಸೇರಿತು. ಲಾರಾ ರೋಸ್ ಡೇ ಟ್ರಸ್ಟಿನ ಕಾರ್ಯನಿರ್ವಾಹಕ ನಿರ್ದೇಶಕಿಯಾಗಿದ್ದರು.

ಸರ್ಕಾರದ ಸಂಸ್ಥೆಗಳ ಪಾತ್ರ ಬೇರೆ ಬೇರೆಯಾಗಿತ್ತು. ಅಮೆರಿಕದ ಆಂತರಿಕ ಇಲಾಖೆಯು ಪೊಲೀಸ್ ವ್ಯವಸ್ಥೆಯದಲ್ಲ. ಭೂಮಿ, ವನ್ಯಜೀವಿ ಮತ್ತು ಮೂಲನಿವಾಸಿಗಳ ವಿಷಯಗಳನ್ನು ನೋಡಿಕೊಳ್ಳುತ್ತದೆ. ಅದರ ಅಡಿಯಲ್ಲಿರುವ ಮೀನು ಮತ್ತು ವನ್ಯಜೀವಿ ಸೇವೆ, ಇಂಡಿಯನ್ ವ್ಯವಹಾರಗಳ ಬ್ಯೂರೊ ಹಾಗೂ ರಾಷ್ಟ್ರೀಯ ಉದ್ಯಾನ ಸೇವೆಗಳು ಒಪ್ಪಂದದಲ್ಲಿ ಭಾಗವಹಿಸಿದವು. ಮೀನು ಮತ್ತು ವನ್ಯಜೀವಿ ಸೇವೆಯು ಸಾಲ್ಮನ್ ಮರಿ ಉತ್ಪಾದನಾ ಕೇಂದ್ರಗಳನ್ನೂ ನಡೆಸುತ್ತದೆ. ಕಡಲ ಮೀನುಗಳ ಹೊಣೆ ಹೊತ್ತಿರುವ ರಾಷ್ಟ್ರೀಯ ಸಾಗರ ಮತ್ತು ವಾಯುಮಂಡಲ ಆಡಳಿತವು, ಅಂದರೆ ನೋವಾ ಸಂಸ್ಥೆಯು, ಹಣ, ತಾಂತ್ರಿಕ ನೆರವು ಮತ್ತು ವೈಜ್ಞಾನಿಕ ಅಧ್ಯಯನಗಳಿಗೆ ಬೆಂಬಲ ನೀಡಿತು. ಮೇಯ್ನ್ ರಾಜ್ಯದ ಸಾಗರ ಸಂಪನ್ಮೂಲ ಇಲಾಖೆಯು ಮೀನುಗಳ ಎಣಿಕೆಯನ್ನೂ, ಮೇಲಿನ ಕೆರೆಗಳಿಗೆ ಏಲ್‌ವೈಫ್‌ಗಳನ್ನು ಸಾಗಿಸಿ ಬಿಡುವ ಕೆಲಸವನ್ನೂ ನಿರ್ವಹಿಸಿತು. ಅಣೆಕಟ್ಟುಗಳನ್ನು ಕೆಡವುವ ಮೊದಲೇ ನದಿಯ ಸ್ಥಿತಿಯನ್ನು ದಾಖಲಿಸುವ ಕಾರ್ಯದಲ್ಲಿ ಮೇಯ್ನ್ ವಿಶ್ವವಿದ್ಯಾಲಯದ ವಿಜ್ಞಾನಿಗಳು ತೊಡಗಿದರು.

ಹಣಕಾಸು

2010ರ ಡಿಸೆಂಬರ್‌ನಲ್ಲಿ ಟ್ರಸ್ಟ್ 2.4 ಕೋಟಿ ಡಾಲರ್ ಕೊಟ್ಟು ಮೂರು ಅಣೆಕಟ್ಟುಗಳನ್ನು ಕೊಂಡುಕೊಂಡಿತು. ಯೋಜನೆಯ ಒಟ್ಟು ವೆಚ್ಚ ಸುಮಾರು 6 ಕೋಟಿ ಡಾಲರ್. ಒಕ್ಕೂಟ ಸರ್ಕಾರದ ಅನುದಾನಗಳು ಹಾಗೂ ಖಾಸಗಿ ದೇಣಿಗೆಗಳು ಇದರಲ್ಲಿ ಸೇರಿವೆ. 2009ರ ಆರ್ಥಿಕ ಚೇತರಿಕೆ ಕಾಯಿದೆಯ ಅಡಿಯಲ್ಲಿ ಗ್ರೇಟ್ ವರ್ಕ್ಸ್ ಕಾಮಗಾರಿಗಾಗಿ ನೋವಾ 61 ಲಕ್ಷ ಡಾಲರ್ ನೀಡಿತು.

ಕಾಮಗಾರಿ

ಗ್ರೇಟ್ ವರ್ಕ್ಸ್: ಓಲ್ಡ್ ಟೌನ್ ಮತ್ತು ಬ್ರ್ಯಾಡ್ಲಿ ಪಟ್ಟಣಗಳ ನಡುವಿದ್ದ ಈ ಅಣೆಕಟ್ಟನ್ನು ಕೆಡವುವ ಕೆಲಸ 2012ರ ಜೂನ್‌ನಲ್ಲಿ ಆರಂಭವಾಯಿತು.

ವೀಜಿ: ಸುಮಾರು 250 ಮೀಟರ್ ಉದ್ದವಿದ್ದ ಇದು ಸಮುದ್ರದಿಂದ ಬರುವ ಮೀನುಗಳಿಗೆ ಎದುರಾಗುತ್ತಿದ್ದ ಮೊದಲ ಅಣೆಕಟ್ಟು. 2013ರ ಜುಲೈ 22ರಂದು ಇದರಲ್ಲಿ ಮೊದಲ ಬಿರುಕು ತೆರೆಯಲಾಯಿತು. ಇದರೊಂದಿಗೆ ಮಿಲ್‌ಫೋರ್ಡ್ ಅಣೆಕಟ್ಟಿನಿಂದ ಸಮುದ್ರದವರೆಗೆ ನದಿಯ ಮುಖ್ಯ ಪಾತ್ರ ತಡೆಯಿಲ್ಲದೆ ಹರಿಯತೊಡಗಿತು.

ಮಿಲ್‌ಫೋರ್ಡ್: ಈ ಅಣೆಕಟ್ಟು ಉಳಿದುಕೊಂಡಿತು. ಇಂಡಿಯನ್ ದ್ವೀಪವು ಇದರ ಮೇಲ್ಭಾಗದಲ್ಲಿರುವುದರಿಂದ ಇಲ್ಲಿನ ವ್ಯವಸ್ಥೆ ನಿರ್ಣಾಯಕವಾಗಿತ್ತು. 2014ರಲ್ಲಿ ಇಲ್ಲಿ ಮೀನುಗಳನ್ನು ಮೇಲೆತ್ತುವ ಯಂತ್ರ ಕೆಲಸ ಆರಂಭಿಸಿತು. ಹರಿಯುವ ನೀರಿನ ಸೆಳೆತಕ್ಕೆ ಬಂದ ಮೀನುಗಳು ತೊಟ್ಟಿಯೊಂದರಲ್ಲಿ ಸೇರುತ್ತವೆ. ಆ ತೊಟ್ಟಿಯನ್ನು ನೀರಿನ ಸಮೇತ ಎತ್ತಿ ಮೇಲಿನ ಕಾಲುವೆಗೆ ಸುರಿಯಲಾಗುತ್ತದೆ. ಎಣಿಕೆಯೂ ಇಲ್ಲಿಯೇ ನಡೆಯುತ್ತದೆ.

ಹೌಲ್ಯಾಂಡ್: ಅಣೆಕಟ್ಟಿನ ಹಿಂದಿನ ಜಲಾಶಯವನ್ನು ಉಳಿಸಿಕೊಳ್ಳುವುದು ಸ್ಥಳೀಯರ ಅಪೇಕ್ಷೆಯಾಗಿತ್ತು. ಅದಕ್ಕೆ ಅನುಗುಣವಾಗಿ ಕಟ್ಟೆಯನ್ನು ಉಳಿಸಿ, ಅದನ್ನು ಬಳಸಿಕೊಂಡು ಹೋಗುವಂತೆ ಕಲ್ಲುಬಂಡೆಗಳಿಂದ ಕೂಡಿದ, ಸಹಜ ತೊರೆಯನ್ನು ಹೋಲುವ ಕಾಲುವೆಯನ್ನು ತೋಡಲಾಯಿತು. ಇದರ ಉದ್ಘಾಟನೆಯು 2016ರ ಜೂನ್‌ನಲ್ಲಿ ನಡೆದು ಯೋಜನೆಯ ಮುಖ್ಯ ಕಾಮಗಾರಿಗಳು ಮುಗಿದವು.

ಫಲಿತಾಂಶಗಳು

ಸುಮಾರು 3,200 ಕಿ.ಮೀ. ಉದ್ದದ ನದಿ ತೊರೆಗಳಿಗೆ ಮೀನುಗಳ ಪ್ರವೇಶ ಸುಗಮವಾಯಿತೆಂದು ಯೋಜನೆಯ ಸಹಭಾಗಿಗಳು ಲೆಕ್ಕಹಾಕಿದ್ದಾರೆ. ಜಲಪಾತ ಏರಲಾರದ ಸ್ಟರ್ಜನ್‌ನಂತಹ ಮೀನುಗಳು ಹಿಂದೆಯೂ ಮಿಲ್‌ಫೋರ್ಡ್‌ನ ಬಳಿಯವರೆಗೆ ಮಾತ್ರ ಬರುತ್ತಿದ್ದುದರಿಂದ, ಅವುಗಳ ಹಳೆಯ ನೆಲೆ ಪೂರ್ಣವಾಗಿ ಮರಳಿ ದೊರೆತಂತಾಯಿತು. 2015ರಲ್ಲಿ ವೀಜಿ ಅಣೆಕಟ್ಟಿದ್ದ ಸ್ಥಳದಿಂದ ಮೇಲಕ್ಕೆ ಮೊಂಡುಮೂತಿಯ ಸ್ಟರ್ಜನ್‌ಗಳು ಬಂದಿರುವುದನ್ನು ಮೇಯ್ನ್ ವಿಶ್ವವಿದ್ಯಾಲಯದ ಸಂಶೋಧಕರು ಗುರುತಿಸಿದರು.

ಅತ್ಯಂತ ವೇಗವಾಗಿ ಚೇತರಿಸಿಕೊಂಡದ್ದು ನದಿ ಹೆರಿಂಗ್. ಯೋಜನೆಗೆ ಮೊದಲು ಕೆಲವೇ ಸಾವಿರದಷ್ಟಿದ್ದ ಇವುಗಳ ಸಂಖ್ಯೆ 2016ರಲ್ಲಿ 10 ಲಕ್ಷವನ್ನೂ 2018ರಲ್ಲಿ 20 ಲಕ್ಷವನ್ನೂ ದಾಟಿತು. 2016ರಲ್ಲಿ ಮಿಲ್‌ಫೋರ್ಡ್‌ನಲ್ಲಿ ಸುಮಾರು 8,000 ಶ್ಯಾಡ್‌ಗಳು ಎಣಿಕೆಗೆ ಸಿಕ್ಕವು. ದಾರಿ ತೆರೆದದ್ದು, ಕೆರೆಗಳಿಗೆ ಮೀನು ಬಿಟ್ಟದ್ದು, ಸಣ್ಣ ತೊರೆಗಳ ತಡೆಗಳನ್ನು ನಿವಾರಿಸಿದ್ದು ಈ ಮೂರೂ ಒಟ್ಟಿಗೆ ನಡೆದುದರಿಂದ ಇಂತಹ ಬೆಳವಣಿಗೆ ಸಾಧ್ಯವಾಯಿತು.

ಸಾಲ್ಮನ್‌ನ ಕಥೆ ಬೇರೆ. ಅಮೆರಿಕದಲ್ಲಿ ಉಳಿದಿರುವ ಅಟ್ಲಾಂಟಿಕ್ ಸಾಲ್ಮನ್‌ಗಳಲ್ಲಿ ಹೆಚ್ಚಿನವು ಪೆನಾಬ್‌ಸ್ಕಾಟ್‌ಗೇ ಬರುತ್ತವೆ. 2009ರಿಂದ ಈ ನದಿಯ ಸಾಲ್ಮನ್‌ಗಳೂ ಅಳಿವಿನಂಚಿನ ಜೀವಿಗಳ ಪಟ್ಟಿಯಲ್ಲಿವೆ. 2011ರಲ್ಲಿ 3,000ಕ್ಕೂ ಹೆಚ್ಚು ಸಾಲ್ಮನ್‌ಗಳು ಮರಳಿದ್ದವು. 2014ರಲ್ಲಿ ಈ ಸಂಖ್ಯೆ 300ಕ್ಕಿಂತ ಕೆಳಗೆ ಇಳಿಯಿತು. ಅನಂತರದ ಕೆಲವು ವರ್ಷಗಳಲ್ಲಿ ಸಾವಿರವನ್ನು ದಾಟಿದರೂ ಏರಿಳಿತ ನಿಂತಿಲ್ಲ. ಮರಳುವ ಮೀನುಗಳಲ್ಲಿ ಬಹುಪಾಲು ಮರಿ ಉತ್ಪಾದನಾ ಕೇಂದ್ರಗಳಿಂದ ಬಿಟ್ಟವೇ ಆಗಿವೆ. ಮೇಯ್ನ್ ಖಾರಿಯು ಬೇಗನೆ ಬಿಸಿಯಾಗುತ್ತಿರುವುದು ಮತ್ತು ಸಮುದ್ರದಲ್ಲಿ ಸಾಲ್ಮನ್‌ಗಳು ಬದುಕುಳಿಯುವ ಪ್ರಮಾಣ ಕುಗ್ಗಿರುವುದು ಇದಕ್ಕೆ ಮುಖ್ಯ ಕಾರಣಗಳು. ಇವು ನದಿಯಲ್ಲಿ ಮಾಡುವ ಯಾವ ಕೆಲಸದಿಂದಲೂ ನೇರವಾಗಿ ಪರಿಹಾರವಾಗುವಂಥವಲ್ಲ.

ಅಳಿವೆ ಮತ್ತು ಕರಾವಳಿ

2014ರಲ್ಲಿ ನೋವಾ ಸಂಸ್ಥೆಯು ಪೆನಾಬ್‌ಸ್ಕಾಟ್ ಜಲಾನಯನವನ್ನು ಮೀನಿನ ನೆಲೆಗಳ ಪುನಶ್ಚೇತನಕ್ಕೆ ವಿಶೇಷ ಗಮನ ನೀಡುವ ಪ್ರದೇಶಗಳಲ್ಲಿ ಒಂದೆಂದು ಆಯ್ಕೆಮಾಡಿತು. ನದಿ, ಅಳಿವೆ ಮತ್ತು ಕಡಲನ್ನು ಒಂದೇ ವ್ಯವಸ್ಥೆಯಾಗಿ ನೋಡುವುದು ಇದರ ಹಿಂದಿನ ಆಲೋಚನೆ. ನದಿಯಲ್ಲಿ ಹುಟ್ಟುವ ಹೆರಿಂಗ್ ಮರಿಗಳು ಶರತ್ಕಾಲದಲ್ಲಿ ಸಮುದ್ರಕ್ಕೆ ಇಳಿದು ಕಾಡ್ ಮುಂತಾದ ಮೀನುಗಳಿಗೆ ಆಹಾರವಾಗುತ್ತವೆ. ಕರಾವಳಿಯ ಕಾಡ್ ನೆಲೆಗಳ ಇತಿಹಾಸವನ್ನು ಅಧ್ಯಯನ ಮಾಡಿದ ಮೀನುಗಾರ ಟೆಡ್ ಏಮ್ಸ್ ಅವರು ಈ ಸಂಬಂಧದತ್ತ ಗಮನ ಸೆಳೆದವರಲ್ಲಿ ಒಬ್ಬರು. ಅವರಿಗೆ 2005ರಲ್ಲಿ ಮೆಕಾರ್ಥರ್ ಫೆಲೋಶಿಪ್ ದೊರೆಯಿತು.

ಅಳಿವೆಯ ಹಳೆಯ ಮಾಲಿನ್ಯವು ಬೇರೆಯೇ ಸಮಸ್ಯೆಯಾಗಿದೆ. ಒರಿಂಗ್ಟನ್‌ನಲ್ಲಿದ್ದ ರಾಸಾಯನಿಕ ಕಾರ್ಖಾನೆಯಿಂದ 1967ರ ನಂತರ ಹರಿದುಬಂದ ಪಾದರಸವು ಅಳಿವೆಯ ಕೆಸರಿನಲ್ಲಿ ಉಳಿದುಕೊಂಡಿದೆ. ಮೆಂಡಾಲ್ ಜೌಗು ಪ್ರದೇಶದ ಹಕ್ಕಿಗಳಲ್ಲಿಯೂ ಅದರ ಅಂಶ ಕಂಡುಬಂದಿತು. 2014ರಲ್ಲಿ ಅಳಿವೆಯ ಒಂದು ಭಾಗದಲ್ಲಿ ಲಾಬ್‌ಸ್ಟರ್ ಮತ್ತು ಏಡಿ ಹಿಡಿಯುವುದನ್ನು ನಿಲ್ಲಿಸಲಾಯಿತು. ದೀರ್ಘ ಮೊಕದ್ದಮೆಯ ನಂತರ 2022ರಲ್ಲಿ ಕನಿಷ್ಠ 18.7 ಕೋಟಿ ಡಾಲರ್ ವೆಚ್ಚದ ಶುದ್ಧೀಕರಣಕ್ಕೆ ನ್ಯಾಯಾಲಯದ ಒಪ್ಪಿಗೆ ದೊರೆಯಿತು. ಜೌಗು ಪ್ರದೇಶದ ಕೆಸರಿನಿಂದ ಪಾದರಸವನ್ನು ತೆಗೆಯುವುದು ಅಣೆಕಟ್ಟು ಕೆಡವುವುದಕ್ಕಿಂತ ನಿಧಾನವಾದ ಕೆಲಸ.

ಉಳಿದಿರುವ ಪ್ರಶ್ನೆಗಳು

ಯೋಜನೆಗೆ ವಿರೋಧವೂ ಇತ್ತು. ಅಣೆಕಟ್ಟಿನಿಂದ ಬರುತ್ತಿದ್ದ ತೆರಿಗೆ ಆದಾಯ ತಪ್ಪುವುದು, ಜಲಾಶಯದ ದಡದ ನೋಟ ಬದಲಾಗುವುದು ಮುಂತಾದ ಆತಂಕಗಳನ್ನು ಸ್ಥಳೀಯರು ವ್ಯಕ್ತಪಡಿಸಿದ್ದರು. ಮೇಲ್ಭಾಗದಲ್ಲಿ ಇನ್ನೂ ಅನೇಕ ಅಣೆಕಟ್ಟುಗಳಿದ್ದು, ಸಾಲ್ಮನ್‌ಗೆ ಅತ್ಯುತ್ತಮವಾದ ತಂಪು ತೊರೆಗಳು ಅವುಗಳ ಆಚೆಗಿವೆ.

ಪೆನಾಬ್‌ಸ್ಕಾಟ್ ಜನಾಂಗದ ಮಟ್ಟಿಗೆ ಹಕ್ಕಿನ ಪ್ರಶ್ನೆಯೂ ಉಳಿದಿದೆ. ಮೀಸಲು ಪ್ರದೇಶವೆಂದರೆ ದ್ವೀಪಗಳು ಮಾತ್ರವೋ, ಅವುಗಳ ಸುತ್ತಲಿನ ನದಿಯೂ ಸೇರಿದೆಯೋ ಎಂಬ ವ್ಯಾಜ್ಯದಲ್ಲಿ, ನದಿಯ ನೀರು ಅದರಲ್ಲಿ ಸೇರಿಲ್ಲವೆಂದು ಒಕ್ಕೂಟದ ಮೇಲ್ಮನವಿ ನ್ಯಾಯಾಲಯವು 2021ರಲ್ಲಿ ಬಹುಮತದಿಂದ ತೀರ್ಪಿತ್ತಿತು. 2022ರಲ್ಲಿ ಸರ್ವೋಚ್ಚ ನ್ಯಾಯಾಲಯವು ಮೇಲ್ಮನವಿಯನ್ನು ವಿಚಾರಣೆಗೆ ತೆಗೆದುಕೊಳ್ಳಲು ನಿರಾಕರಿಸಿತು. ಮೀನುಗಳನ್ನು ನದಿಗೆ ಮರಳಿ ತರುವಲ್ಲಿ ಮುಂದೆ ನಿಂತ ಜನಾಂಗಕ್ಕೆ ಆ ನದಿಯು ತಮ್ಮ ಪ್ರದೇಶವೆಂದು ಕಾನೂನಿನ ಮನ್ನಣೆ ದೊರೆಯಲಿಲ್ಲ. ಇದಲ್ಲದೆ ಕಾರ್ಖಾನೆಗಳ ಹಳೆಯ ಮಾಲಿನ್ಯದಿಂದಾಗಿ ನದಿಯ ಕೆಲವು ಮೀನುಗಳನ್ನು ಮಿತವಾಗಿ ತಿನ್ನಬೇಕೆಂಬ ಆರೋಗ್ಯ ಸೂಚನೆಗಳಿವೆ.

ಮಹತ್ವ

ನದಿ ಪುನಶ್ಚೇತನದಲ್ಲಿ ವಿದ್ಯುತ್ ಅಥವಾ ಮೀನು ಎಂಬ ಎರಡರಲ್ಲಿ ಒಂದನ್ನು ಆರಿಸಿಕೊಳ್ಳಬೇಕೆಂಬ ವಾದಕ್ಕೆ ಪೆನಾಬ್‌ಸ್ಕಾಟ್ ಯೋಜನೆಯನ್ನು ಉತ್ತರವಾಗಿ ಉದಾಹರಿಸಲಾಗುತ್ತದೆ. ಒಂದೊಂದು ಅಣೆಕಟ್ಟನ್ನು ಪ್ರತ್ಯೇಕವಾಗಿ ಪರಿಗಣಿಸಿದಾಗ ಅಸಾಧ್ಯವೆನಿಸಿದ ಹೊಂದಾಣಿಕೆಯು ಇಡೀ ಜಲಾನಯನವನ್ನು ಒಟ್ಟಾಗಿ ಪರಿಗಣಿಸಿದಾಗ ಸಾಧ್ಯವಾಯಿತು. ಮಾತುಕತೆಯ ಆರಂಭದಿಂದ ಕೊನೆಯ ಕಾಮಗಾರಿಯವರೆಗೆ ಸುಮಾರು 17 ವರ್ಷಗಳು ಹಿಡಿದವು. ಹೆರಿಂಗ್ ಲಕ್ಷಗಟ್ಟಲೆ ಮರಳಿದ್ದು ದಾರಿ ತೆರೆದರೆ ಸಾಕಾಗುವ ಮೀನುಗಳಿವೆಯೆಂಬುದಕ್ಕೂ, ಸಾಲ್ಮನ್ ಇನ್ನೂ ಚೇತರಿಸಿಕೊಳ್ಳದಿರುವುದು ದಾರಿಯೊಂದೇ ಸಾಲದ ಮೀನುಗಳೂ ಇವೆಯೆಂಬುದಕ್ಕೂ ನಿದರ್ಶನವಾಗಿವೆ.